ಹಾಡುಗಳು ಮನೆ ಬದಲಿಸಿದಾಗ

‘ಡಿಜೆ’ ಎಂದ ಕೂಡಲೇ ನನ್ನ ವಯಸ್ಸಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಮಕ್ಕಳು ಕಾಲು ಕುಣಿಸುತ್ತಾರೆ. ಗಣಪತಿ ಬಿಡುವ ದಿನ ನಮ್ಮ ಕಿಟಕಿ ಗಾಜು ನಡುಗಿಸಿಕೊಂಡು ಹೋಗುವ ಆ ಲಾರಿಯ ಮೇಲೆ ನನಗೇನೂ ಪ್ರೀತಿಯಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದೆಂದು 2000ನೇ ಇಸವಿಯಲ್ಲೇ ನಿಯಮ ಬಂದಿದೆ. ಅದನ್ನು ನೆನಪಿಸಿ ನೆನಪಿಸಿ ನನ್ನ ಗಂಟಲು ಒಣಗಿದೆ. ಆದರೆ ಈ ವಾರ ನಾನು ಬರೆಯಹೊರಟದ್ದು ಸದ್ದಿನ ಬಗ್ಗೆ ಅಲ್ಲ. ಆ ಸದ್ದಿನ ಹಿಂದೆ ಸದ್ದಿಲ್ಲದೆ ನಡೆಯುವ ಒಂದು ಕೆಲಸದ ಬಗ್ಗೆ. ಅದು ನನ್ನದೇ ಕಸುಬಿಗೆ ಎಷ್ಟು ಹತ್ತಿರದ್ದು ಎಂದು ನನಗೆ ಈಚೆಗೆ ಗೊತ್ತಾಯಿತು. ನಾನು 31 ವರ್ಷ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು.

ನನ್ನ ತಂಗಿಯ ಮಗ ವಾರವೆಲ್ಲ ಹಾಸನದ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಶನಿವಾರ, ಭಾನುವಾರ ಬಂತೆಂದರೆ ಮದುವೆ, ಆರತಕ್ಷತೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ ಎಂದು ಹಾಡು ಹಾಕಲು ಹೊರಡುತ್ತಾನೆ. ಒಂಬತ್ತು ವರ್ಷದಿಂದ ಒಂದೇ ಲ್ಯಾಪ್‌ಟಾಪು. ಅದರ ಕೀಲು ಮುರಿದು, ಪರದೆಯ ಹಿಂದೆ ಇಟ್ಟಿಗೆ ಇಟ್ಟು ನಿಲ್ಲಿಸುವ ಹಂತಕ್ಕೆ ಬಂದಿತ್ತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಕೊನೆಗೆ ಒಂದು ಸೋಮವಾರ ಹೊಸದು ಕೊಂಡ. ಅಂಗಡಿಯವರು, “ಹಳೇದು ಕೊಟ್ರೆ ನಾಲ್ಕೂವರೆ ಸಾವಿರ ಕಡಿಮೆ ಮಾಡ್ತೀವಿ, ಡೇಟಾ ಎಲ್ಲ ನಾವೇ ಹಾಕಿಕೊಡ್ತೀವಿ” ಎಂದರಂತೆ. ಕೊಟ್ಟು ಬಂದ.

ಬುಧವಾರ ಸಂಜೆ ನಮ್ಮ ಮನೆಗೆ ಬಂದಾಗ ಅವನ ಮುಖ ಬಾಡಿದ ಬಾಳೆ ಎಲೆಯ ಹಾಗಿತ್ತು.

“ದೊಡ್ಡಮ್ಮ, ಹಾಡೆಲ್ಲ ಬಂದಿದೆ. ಆದ್ರೆ ಏನೂ ಬಂದಿಲ್ಲ” ಎಂದ.

ನನ್ನ ಮೊಮ್ಮಗಳು ಏಳನೇ ತರಗತಿ. “ಅದು ಹೆಂಗೆ ಚಿಕ್ಕಪ್ಪ? ಬಂದಿದೆ ಅಂತೀಯ, ಬಂದಿಲ್ಲ ಅಂತೀಯ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಏಕೆಂದರೆ ಅವನ ಮಾತು ನನಗೆ ತಕ್ಷಣ ಅರ್ಥವಾಯಿತು.

ಒಮ್ಮೆ ನಮ್ಮ ಕಾಲೇಜಿನ ಗ್ರಂಥಾಲಯ ಹಳೆಯ ಕಟ್ಟಡದಿಂದ ಹೊಸದಕ್ಕೆ ಹೋಯಿತು. ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಟ್ರ್ಯಾಕ್ಟರಿನಲ್ಲಿ ಸಾಗಿಸಿದರು. ಚಿಕ್ಕ ಚಿಕ್ಕ ಸೆಳೆಖಾನೆಗಳ ಕ್ಯಾಟಲಾಗ್ ಪೆಟ್ಟಿಗೆ ಭಾರವೆಂದು ಹಳೆಯ ಕಟ್ಟಡದಲ್ಲೇ ಉಳಿಯಿತು. ಮೂರು ವಾರ ನಮ್ಮಲ್ಲಿ ಹನ್ನೊಂದು ಸಾವಿರ ಪುಸ್ತಕವಿತ್ತು, ಒಂದೂ ಸಿಗುತ್ತಿರಲಿಲ್ಲ. ಯಾರಾದರೂ ‘ಮರಳಿ ಮಣ್ಣಿಗೆ’ ಕೇಳಿದರೆ, “ಇದೆ, ಎಲ್ಲಿದೆಯೋ ಗೊತ್ತಿಲ್ಲ” ಎನ್ನಬೇಕಾಗಿತ್ತು. ಪುಸ್ತಕ ಬೇರೆ, ಪುಸ್ತಕ ಎಲ್ಲಿದೆ ಎಂದು ಹೇಳುವ ಚೀಟಿ ಬೇರೆ. ಅವೆರಡೂ ಕೂಡಿದರೆ ಗ್ರಂಥಾಲಯ. ಬರೀ ಪುಸ್ತಕವಾದರೆ ಗೋದಾಮು.

ಹಾಡು ಹಾಕುವವರ ಕಂಪ್ಯೂಟರಿನಲ್ಲೂ ಹೀಗೇ. ಅದಕ್ಕೆ ಅವರೂ ‘ಲೈಬ್ರರಿ’ ಎಂದೇ ಕರೆಯುತ್ತಾರೆ. ಹಾಡಿನ ಫೈಲುಗಳು ಒಂದು ಕಡೆ ಇರುತ್ತವೆ. ಹಾಡು ಹಾಕುವ ತಂತ್ರಾಂಶ ತನ್ನದೇ ಒಂದು ದಾಖಲೆ ಪುಸ್ತಕವನ್ನು ಇನ್ನೊಂದು ಕಡೆ ಇಟ್ಟುಕೊಂಡಿರುತ್ತದೆ. ಆ ಪುಸ್ತಕದಲ್ಲಿ ಹಾಡೇ ಇರುವುದಿಲ್ಲ, ಹಾಡಿನ ವಿಳಾಸವಿರುತ್ತದೆ. ಡಿ ಡ್ರೈವಿನಲ್ಲಿ, ‘ಹಾಡುಗಳು’ ಎಂಬ ಫೋಲ್ಡರಿನಲ್ಲಿ, ‘ಕನ್ನಡ ಹಳೆಯದು’ ಎಂಬ ಒಳಫೋಲ್ಡರಿನಲ್ಲಿ, ಇಂಥ ಹೆಸರಿನ ಫೈಲು. ಅಷ್ಟೆ. ಮನೆ ನಂಬರು, ಅಡ್ಡರಸ್ತೆ, ಬಡಾವಣೆ, ಊರು ಇದ್ದ ಹಾಗೆ. ಅಂಗಡಿಯವರು ಹಾಡಿನ ಫೋಲ್ಡರನ್ನು ಹೊಸ ಯಂತ್ರಕ್ಕೆ ಹಾಕಿಕೊಟ್ಟಿದ್ದರು. ದಾಖಲೆ ಪುಸ್ತಕ ಒಂದಿದೆ ಎಂಬುದೇ ಅವರಿಗೆ ಹೊಳೆದಿರಲಿಲ್ಲ.

“ಹಾಡಿದ್ದರೆ ಸಾಕಲ್ವಾ ಅಜ್ಜಿ? ಹುಡುಕಿ ಒತ್ತಿದರೆ ಆಯ್ತು” ಎಂದಳು ಮೊಮ್ಮಗಳು.

ನಿಮ್ಮಲ್ಲೂ ಕೆಲವರಿಗೆ ಹಾಗೇ ಅನ್ನಿಸಬಹುದು. ಅದಕ್ಕೆ ಡಿಜೆ ಎಂಬವನು ಏನು ಮಾಡುತ್ತಾನೆ ಎಂದು ಸ್ವಲ್ಪ ಹೇಳಬೇಕು. ಡಿಜೆ ಎಂದರೆ ಡಿಸ್ಕ್ ಜಾಕಿ. ಡಿಸ್ಕ್ ಎಂದರೆ ನಮ್ಮ ಗ್ರಾಮಫೋನ್ ಪ್ಲೇಟು. ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ, ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡದಲ್ಲಿ, 1973ರ ಆಗಸ್ಟ್ 11ರಂದು ಒಂದು ಹುಡುಗಿ ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಕಾಸು ಕೂಡಿಸಲೆಂದು ಪಾರ್ಟಿ ಇಟ್ಟಳು. ಹಾಡು ಹಾಕಿದವನು ಅವಳ ಅಣ್ಣ, ಜಮೈಕಾದಲ್ಲಿ ಹುಟ್ಟಿದ ಹದಿನೆಂಟರ ಹುಡುಗ ಕ್ಲೈವ್ ಕ್ಯಾಂಪ್‌ಬೆಲ್. ಕೂಲ್ ಹರ್ಕ್ ಎಂಬ ಹೆಸರಿನಿಂದ ಆಮೇಲೆ ಪ್ರಸಿದ್ಧನಾದ. ಹಾಡಿನ ನಡುವೆ ಬರೀ ಡ್ರಮ್ಮು ಬರುವ ತುಣುಕಿಗೆ ಜನ ಹೆಚ್ಚು ಕುಣಿಯುತ್ತಾರೆಂದು ಅವನು ಗಮನಿಸಿದ್ದ. ಆ ತುಣುಕು ಕೆಲವೇ ಸೆಕೆಂಡು. ಅದಕ್ಕೆ ಒಂದೇ ಹಾಡಿನ ಎರಡು ಪ್ಲೇಟು ಇಟ್ಟುಕೊಂಡು, ಇದರಲ್ಲಿ ತುಣುಕು ಮುಗಿಯುತ್ತಿದ್ದಂತೆ ಅದರಲ್ಲಿ ಶುರು ಮಾಡಿ, ಅದು ಮುಗಿಯುವುದರೊಳಗೆ ಇದನ್ನು ಹಿಂದಕ್ಕೆ ತಿರುಗಿಸಿ ಉದ್ದ ಮಾಡುತ್ತಿದ್ದ. ಬೇರೆಯವರು ನೋಡಿ ಕಲಿಯಬಾರದೆಂದು ಪ್ಲೇಟಿನ ಮೇಲಿನ ಹೆಸರುಚೀಟಿಯನ್ನು ನೀರಲ್ಲಿ ನೆನೆಸಿ ಕಿತ್ತುಬಿಡುತ್ತಿದ್ದನಂತೆ! ಗ್ರಂಥಪಾಲಕಿಯಾಗಿ ನಾನು ಇದನ್ನು ಒಪ್ಪಲಾರೆ.

ಅದೇ ಊರಿನ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಇನ್ನೊಬ್ಬ ಹುಡುಗ ಇನ್ನೂ ಚುರುಕು. ಅವನು ತುಣುಕು ಎಲ್ಲಿ ಶುರುವಾಗುತ್ತದೆ ಎಂಬಲ್ಲಿಗೆ ಸರಿಯಾಗಿ ಪ್ಲೇಟಿನ ಮೇಲೆ ಬಣ್ಣದ ಸೀಸದಿಂದ ಗೆರೆ ಎಳೆದ. ಗಡಿಯಾರದ ಮುಳ್ಳು ನೋಡಿದ ಹಾಗೆ ಗೆರೆ ನೋಡಿಕೊಂಡು ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಬೇಕೆಂದು ಲೆಕ್ಕ ಹಿಡಿದ. ಇಂದಿನ ಕಂಪ್ಯೂಟರಿನಲ್ಲಿ ಆ ಗೆರೆಗೆ ‘ಕ್ಯೂ ಪಾಯಿಂಟ್’ ಎನ್ನುತ್ತಾರೆ. ನನ್ನ ತಂಗಿಯ ಮಗನ ಹತ್ತಿರ ಎರಡು ಚಕ್ರವಿರುವ ಒಂದು ಪೆಟ್ಟಿಗೆ ಇದೆ. ಎರಡೂ ಕಡೆ ಎಂಟೆಂಟು ಗುಂಡಿ. ಹಾಡಿನ ಪೀಠಿಕೆ ಬಿಟ್ಟು ತಮಟೆ ಹಿಡಿಯುವ ಜಾಗಕ್ಕೆ ಒಂದು ಗುರುತು, ಪಲ್ಲವಿಗೆ ಒಂದು, ಮುಗಿಸುವ ಜಾಗಕ್ಕೆ ಒಂದು. ಗುಂಡಿ ಒತ್ತಿದರೆ ಹಾಡು ಅಲ್ಲಿಂದಲೇ ಹೊರಡುತ್ತದೆ.

ಇನ್ನೊಂದು ಕೆಲಸ ತಾಳದ್ದು. ಒಂದು ಹಾಡಿಗೆ ನಿಮಿಷಕ್ಕೆ 100 ತಾಳ, ಮುಂದಿನದಕ್ಕೆ 104 ಇದ್ದರೆ, ಮೊದಲನೆಯದನ್ನು ನೂರಕ್ಕೆ ನಾಲ್ಕರಷ್ಟು ವೇಗ ಮಾಡಿ ಎರಡನ್ನೂ ಹೆಜ್ಜೆಗೆ ಹೆಜ್ಜೆ ಕೂಡಿಸಬೇಕು. ಕುಣಿಯುವವರ ಕಾಲು ತಪ್ಪಬಾರದು. ಇದಕ್ಕಾಗಿ ತಂತ್ರಾಂಶ ಪ್ರತಿ ಹಾಡಿನ ಮೇಲೂ ತಾಳದ ಗೆರೆಗಳನ್ನು ಎಳೆಯುತ್ತದೆ. ಯಂತ್ರವೇ ಲಯ ಹಿಡಿಯುವ ಹೊಸ ಹಾಡುಗಳಿಗೆ ಅದು ಸಲೀಸು. ನಮ್ಮ ಹಳೆಯ ಚಿತ್ರಗೀತೆಗಳಲ್ಲಿ ತಬಲಾ ನುಡಿಸಿದವರು ಮನುಷ್ಯರು. ಒಂದು ಕಡೆ ಎಳೆದಿರುತ್ತಾರೆ, ಒಂದು ಕಡೆ ಓಡಿರುತ್ತಾರೆ. ಅಲ್ಲೆಲ್ಲ ಗೆರೆಯನ್ನು ಕೈಯಿಂದಲೇ ಸರಿಮಾಡಬೇಕು. ಒಂದೊಂದು ಹಾಡಿಗೆ ಹತ್ತು ನಿಮಿಷ, ಕಾಲು ಗಂಟೆ ಕೂತದ್ದುಂಟು ಎಂದ. ಅವನ ಹತ್ತಿರ ಇದ್ದದ್ದು 6,840 ಹಾಡು. ಎಲ್ಲಕ್ಕೂ ಅಷ್ಟು ಕೂತಿಲ್ಲ ಎಂದುಕೊಳ್ಳಿ. ಎರಡು ಸಾವಿರಕ್ಕಾದರೂ ಕೂತಿದ್ದಾನೆ. ಹತ್ತು ನಿಮಿಷದಂತೆ ಹಿಡಿದರೂ 20,000 ನಿಮಿಷ, ಅಂದರೆ 333 ಗಂಟೆ. ದಿನಕ್ಕೆ ಎಂಟು ಗಂಟೆ ಕೆಲಸವೆಂದರೆ ನಲವತ್ತೊಂದು ದಿನಕ್ಕೂ ಮಿಕ್ಕ ದುಡಿಮೆ. ಹಾಡನ್ನು ಮತ್ತೆ ಕೊಳ್ಳಬಹುದು. ಇದನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ?

ಈ ಗುರುತುಗಳೆಲ್ಲ ಎಲ್ಲಿರುತ್ತವೆ ಎಂಬುದು ಮುಖ್ಯ. ತಂತ್ರಾಂಶದಿಂದ ತಂತ್ರಾಂಶಕ್ಕೆ ಅದು ಬೇರೆ. ‘ಸೆರಾಟೊ’ ಎಂಬುದು ಗುರುತುಗಳನ್ನು ಹಾಡಿನ ಫೈಲಿನೊಳಗೇ ಬರೆದಿಡುತ್ತದೆ, ನಾವು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುವ ಹಾಗೆ. ಪುಸ್ತಕ ಎಲ್ಲಿಗೆ ಹೋದರೂ ಟಿಪ್ಪಣಿ ಜೊತೆಗೆ ಹೋಗುತ್ತದೆ. ಆದರೆ ಯಾವ ಹಾಡು ಯಾವ ಪಟ್ಟಿಯಲ್ಲಿ ಎಂಬುದು ಅದರಲ್ಲೂ ಬೇರೆ ಫೋಲ್ಡರಿನಲ್ಲೇ ಇರುತ್ತದೆ. ಅಂದಹಾಗೆ, ಆ ಪಟ್ಟಿಗೆ ಅವರು ಇಂದಿಗೂ ‘ಕ್ರೇಟ್’ ಎನ್ನುತ್ತಾರೆ. ಹಿಂದೆ ಪ್ಲೇಟುಗಳನ್ನು ಹೊತ್ತೊಯ್ಯುತ್ತಿದ್ದ ಪೆಟ್ಟಿಗೆಯ ಹೆಸರು ಅದು. ಪೆಟ್ಟಿಗೆ ಹೋಯಿತು, ಹೆಸರು ಉಳಿಯಿತು. ನಮ್ಮ ಹುಡುಗ ಬಳಸುವುದು ‘ರೆಕಾರ್ಡ್‌ಬಾಕ್ಸ್’. ಅದು ಗುರುತು, ಪಟ್ಟಿ ಎಲ್ಲವನ್ನೂ ತನ್ನ ದಾಖಲೆ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತದೆ. ಎರಡೂ ಕ್ರಮಕ್ಕೆ ಅದರದರ ಅನುಕೂಲವಿದೆ. ನಮ್ಮದು ಯಾವುದು ಎಂದು ತಿಳಿದಿರಬೇಕು, ಅಷ್ಟೆ.

ಅಂದರೆ ಆ ಬುಧವಾರ ಸಂಜೆ ಅವನ ಒಂಬತ್ತು ವರ್ಷದ ಕೆಲಸವೆಲ್ಲ ಅಂಗಡಿಯವರ ಮೇಜಿನ ಕೆಳಗಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿತ್ತು. ಭಾನುವಾರ ಅರಸೀಕೆರೆಯಲ್ಲಿ ನನ್ನ ತಮ್ಮನ ಮಗಳ ಮದುವೆ.

“ಅಂಗಡಿಗೆ ಫೋನ್ ಹಚ್ಚು” ಎಂದೆ.

ಹಚ್ಚಿದ. ಆ ಕಡೆಯ ಹುಡುಗ ನಿರಾಳವಾಗಿ, “ಆ ಪೀಸಾ ಸಾರ್? ನಾಳೆ ಬೆಳಿಗ್ಗೆ ಫಾರ್ಮ್ಯಾಟ್ ಮಾಡ್ತೀವಿ” ಎಂದ. ಫಾರ್ಮ್ಯಾಟ್ ಎಂದರೆ ಒಳಗಿದ್ದುದನ್ನೆಲ್ಲ ಅಳಿಸಿ ಹೊಸ ಸ್ಲೇಟಿನಂತೆ ಮಾಡುವುದು. ಗಂಟೆ ಏಳೂ ಮುಕ್ಕಾಲು. ಅಂಗಡಿ ಮುಚ್ಚುವುದು ಎಂಟೂವರೆಗೆ. ಒಲೆ ಮೇಲಿದ್ದ ಸಾರು ಆರಿಸಿ ಮೂವರೂ ಆಟೊ ಹತ್ತಿದೆವು. ನಾನು ಹೋದದ್ದು ಏಕೆಂದರೆ, ತಲೆ ನರೆತವರು ಎದುರಿಗೆ ನಿಂತರೆ ಅಂಗಡಿಯವರು ಸ್ವಲ್ಪ ಮೆತ್ತಗೆ ಮಾತಾಡುತ್ತಾರೆ. ನಾಲ್ಕೂವರೆ ಸಾವಿರ ವಾಪಸು ಎಣಿಸಿಕೊಟ್ಟು ಹಳೆಯದನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಂದೆವು. ಮೊಮ್ಮಗಳು ದಾರಿಯುದ್ದಕ್ಕೂ ಅದನ್ನು ಕಂಕುಳಲ್ಲಿ ಮಗುವಿನಂತೆ ಹಿಡಿದಿದ್ದಳು.

ಊಟವಾದ ಮೇಲೆ ಕೆಲಸ ಶುರು. ಮೊದಲು ಹಳೆಯ ಯಂತ್ರದಲ್ಲಿ ತಂತ್ರಾಂಶ ತೆರೆದು ದಾಖಲೆ ಪುಸ್ತಕದ ಪ್ರತಿ ತೆಗೆದ. ಅದಕ್ಕೆಂದೇ ಅದರಲ್ಲಿ ಒಂದು ವ್ಯವಸ್ಥೆ ಇದೆ. ಹೊಸದರಲ್ಲಿ ಅದನ್ನು ತುಂಬಿದ. ಪಟ್ಟಿಗಳೆಲ್ಲ ಒಂದೊಂದಾಗಿ ಮೂಡಿದವು: ‘ಧಾರೆ’, ‘ಊಟದ ಹೊತ್ತು’, ‘ಅಜ್ಜಂದಿರಿಗೆ’, ‘ಮಕ್ಕಳ ಕುಣಿತ’, ‘ಕರೆಂಟು ಬಂದ ಮೇಲೆ’. ಆಮೇಲೆ ನೋಡಿದರೆ ಪ್ರತಿ ಹಾಡಿನ ಮುಂದೂ ಒಂದು ಆಶ್ಚರ್ಯಸೂಚಕ ಚಿಹ್ನೆ. ಆರು ಸಾವಿರದ ಎಂಟುನೂರ ನಲವತ್ತು ಆಶ್ಚರ್ಯಗಳು! ಮೊಮ್ಮಗಳು ಬಾಯಿ ತೆರೆದಳು. ಹುಡುಗ ತಲೆ ಮೇಲೆ ಕೈ ಇಟ್ಟ.

ಅದು ತಂತ್ರಾಂಶದ ತಪ್ಪಲ್ಲ. ಅದು ಪ್ರಾಮಾಣಿಕವಾಗಿ ಹೇಳುತ್ತಿತ್ತು: “ನೀವು ಕೊಟ್ಟ ವಿಳಾಸಕ್ಕೆ ಹೋದೆ, ಅಲ್ಲಿ ಯಾರೂ ಇಲ್ಲ.” ಹಳೆಯದರಲ್ಲಿ ಹಾಡುಗಳು ಡಿ ಡ್ರೈವಿನಲ್ಲಿದ್ದವು. ಹೊಸ ಯಂತ್ರದಲ್ಲಿ ಡಿ ಡ್ರೈವೇ ಇಲ್ಲ, ಇರುವುದು ಒಂದೇ ಸಿ. (ಎ, ಬಿ ಏನಾದವು ಎಂದು ಮೊಮ್ಮಗಳು ಕೇಳಿದಳು. ಅವು ಹಿಂದಿನ ಫ್ಲಾಪಿ ಡಿಸ್ಕುಗಳಿಗೆ ಮೀಸಲಿದ್ದ ಅಕ್ಷರಗಳು. ಫ್ಲಾಪಿ ಹೋಗಿ ಎಷ್ಟೋ ಕಾಲವಾಯಿತು, ಎಣಿಕೆ ಮಾತ್ರ ಇನ್ನೂ ಮೂರನೇ ಅಕ್ಷರದಿಂದಲೇ.)

ಇಲ್ಲಿ ದಾರಿ ಎರಡು. ಒಂದು, ದಾಖಲೆ ಪುಸ್ತಕದಲ್ಲಿ ಎಲ್ಲ ವಿಳಾಸವನ್ನೂ ತಿದ್ದುವುದು. ತಂತ್ರಾಂಶಕ್ಕೆ ‘ಈ ಫೋಲ್ಡರಿನಲ್ಲಿ ಹುಡುಕು’ ಎಂದರೆ ಅದೇ ಹುಡುಕಿ ತಿದ್ದಿಕೊಳ್ಳುತ್ತದೆ. ಇನ್ನೊಂದು, ಹೊಸ ಮನೆಗೆ ಹಳೆಯ ಮನೆಯದೇ ವಿಳಾಸ ಕೊಡುವುದು. ಕಪಾಟು ಹೊಸದಾದರೂ ಹಳೆಯ ನಂಬರನ್ನೇ ಬರೆದರೆ ಚೀಟಿ ತಿದ್ದುವ ಕೆಲಸವೇ ಇಲ್ಲ. ನಮ್ಮ ಗ್ರಂಥಾಲಯದಲ್ಲಿ ನಾವು ಮಾಡಿದ್ದು ಎರಡನೆಯದು, ಹಾಗಾಗಿ ನಾನು ಅದನ್ನೇ ಹೇಳಿದೆ. ಅವನು ಹೊಸ ಯಂತ್ರದ ಡಿಸ್ಕನ್ನು ಎರಡು ಭಾಗ ಮಾಡಿ, ಒಂದಕ್ಕೆ ಡಿ ಎಂದು ಹೆಸರಿಟ್ಟ. ‘ಹಾಡುಗಳು’ ಫೋಲ್ಡರನ್ನು ಅದೇ ಹೆಸರಿನಲ್ಲಿ, ಒಳಗಿನ ಒಂದು ಅಕ್ಷರವನ್ನೂ ಬದಲಿಸದೆ ಅಲ್ಲಿಗೆ ಸಾಗಿಸಿದ.

ಸಾಗುತ್ತಿರುವಾಗ ಮೊಮ್ಮಗಳಿಗೆ ಒಂದು ಲೆಕ್ಕ ಕೊಟ್ಟೆ, ನೀವೂ ಮಾಡಿ ನೋಡಿ. ಒಳ್ಳೆಯ ಗುಣಮಟ್ಟದ ಎಂಪಿ3 ಹಾಡು ಒಂದು ಸೆಕೆಂಡಿಗೆ 3,20,000 ಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್. ಅಂದರೆ ಸೆಕೆಂಡಿಗೆ 40,000 ಬೈಟ್, ನಿಮಿಷಕ್ಕೆ 24 ಲಕ್ಷ. ನಾಲ್ಕು ನಿಮಿಷದ ಹಾಡಿಗೆ 96 ಲಕ್ಷ ಬೈಟ್. ಅಂಥ 6,840 ಹಾಡಿಗೆ? ಸುಮಾರು 6,566 ಕೋಟಿ ಬೈಟ್, ಅಂದರೆ 65 ಗಿಗಾಬೈಟಿಗೂ ಹೆಚ್ಚು. ಪ್ಲೇಟುಗಳ ಕಾಲದಲ್ಲಿ ಇಷ್ಟು ಹಾಡು ಹೊತ್ತೊಯ್ಯಲು ಲಾರಿ ಬೇಕಾಗುತ್ತಿತ್ತು. ಇಲ್ಲಿ ನಾವು ಒಂದು ಲೋಟ ಮಜ್ಜಿಗೆ ಕುಡಿದು ಮುಗಿಸುವುದರೊಳಗೆ ಅರ್ಧ ಸಾಗಿತ್ತು.

ಮತ್ತೆ ತಂತ್ರಾಂಶ ತೆರೆದ. ಆಶ್ಚರ್ಯಸೂಚಕಗಳು ಮಾಯ. ಪೂರ್ತಿ ಅಲ್ಲ, 143 ಉಳಿದವು.

ನನಗೆ ಇಡೀ ಪ್ರಸಂಗದಲ್ಲಿ ಹೆಚ್ಚು ಇಷ್ಟವಾದದ್ದು ಈ 143. ಏಕೆಂದರೆ ಇವು ಹಾಡಿನ ಫೋಲ್ಡರಿನಲ್ಲಿ ಎಂದೂ ಇರಲಿಲ್ಲ. ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟದ್ದು, ಅವಸರದಲ್ಲಿ ಡೌನ್‌ಲೋಡ್ ಮಾಡಿದಲ್ಲೇ ಬಿಟ್ಟದ್ದು, ಪರದೆಯ ಮೇಲೆ ಹಾಗೇ ಇಟ್ಟುಕೊಂಡದ್ದು. ಅಂಗಡಿಯವರ ಕೈಗೆ ಇವು ಸಿಗುವಂತಿರಲಿಲ್ಲ. ಹೊಸ ಯಂತ್ರದಲ್ಲಿ ಇವು ಇಲ್ಲ ಎಂಬುದು ದಾಖಲೆ ಪುಸ್ತಕ ಬರದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಗ್ರಂಥಾಲಯದಲ್ಲಿ ವರ್ಷಕ್ಕೊಮ್ಮೆ ರಿಜಿಸ್ಟರು ಹಿಡಿದು ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕಕ್ಕೆ ಟಿಕ್ ಹಾಕುತ್ತೇವೆ. ಆ ಕೆಲಸವನ್ನು ಎಲ್ಲರೂ ಬೇಸರದ್ದೆನ್ನುತ್ತಾರೆ. ಇಲ್ಲದ್ದನ್ನು ಕಣ್ಣಿಂದ ನೋಡಿ ಕಂಡುಹಿಡಿಯಲು ಆಗುವುದಿಲ್ಲ, ಪಟ್ಟಿ ಬೇಕು.

ಹುಡುಗ ಒಂದೊಂದೇ ಹೆಸರು ಓದುತ್ತ ಹೋದ. ನಡುವೆ ನಿಂತುಬಿಟ್ಟ.

“ದೊಡ್ಡಮ್ಮ, ಅಜ್ಜಿ ಹಾಡು.”

ಅವನ ಅಜ್ಜಿ ಎಂದರೆ ನನ್ನ ಅಮ್ಮ. 2015ರ ಮಾಗಿಯಲ್ಲಿ ನಮ್ಮ ಅಡುಗೆಮನೆಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದಾಗ ಇವನು ಫೋನಿನಲ್ಲಿ ಅಮ್ಮನ ಕೈಲಿ ಹಸೆಗೆ ಕರೆಯುವ ಹಾಡು ಹೇಳಿಸಿದ್ದ. ಆಗ ಅಮ್ಮನಿಗೆ 81. ಮದುಮಗಳನ್ನು ಹಸೆಮಣೆಗೆ ಕರೆಯುವ ಹಾಡು ಅದು. ನಮ್ಮ ಕಡೆ ಮುಂಚೆ ಮನೆಯ ಹೆಂಗಸರೇ ಹೇಳುತ್ತಿದ್ದರು. ಈಗ ಹೇಳುವವರು ಕಡಿಮೆಯಾಗಿ, ನಮ್ಮ ಕುಟುಂಬದ ಮದುವೆಗಳಲ್ಲಿ ಆ ಹೊತ್ತಿಗೆ ಇವನು ಅಜ್ಜಿಯ ಹಾಡನ್ನೇ ಹಾಕುತ್ತಾನೆ. ಅಮ್ಮ ಹೋದದ್ದು 2019ರಲ್ಲಿ. ಬೇರೆ ಯಾವ ಪ್ರತಿಯೂ ಇರಲಿಲ್ಲ. ಆ ಫೋನು ಎಂದೋ ನೀರಿಗೆ ಬಿದ್ದು ಹೋಗಿತ್ತು.

ಫೈಲಿನ ಹೆಸರು ‘ವಾಯ್ಸ್ 007’. ದಾಖಲೆ ಪುಸ್ತಕದಲ್ಲಿ ವಿಳಾಸವಿತ್ತು: ಸಿ ಡ್ರೈವ್, ಡೆಸ್ಕ್‌ಟಾಪ್, ‘ಹಳೆ ಫೋನ್’ ಎಂಬ ಫೋಲ್ಡರ್. ಹಳೆಯ ಯಂತ್ರದಲ್ಲಿ ನೇರ ಅಲ್ಲಿಗೇ ಹೋದ. ಇತ್ತು. ಮೂರು ನಿಮಿಷ ಹನ್ನೆರಡು ಸೆಕೆಂಡು. ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಗುರುವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತು ಹತ್ತು ಗಂಟೆ. ನಮ್ಮ ಗಡಿಯಾರದಲ್ಲಿ ಆಗ ಬುಧವಾರ ರಾತ್ರಿ ಹನ್ನೊಂದು.

ಹೊಸ ಯಂತ್ರಕ್ಕೆ ತಂದು ವಿಳಾಸ ಸರಿಮಾಡಿ ಗುಂಡಿ ಒತ್ತಿದ. ಹಾಡು ಸರಿಯಾಗಿ ಮೊದಲ ಪದದಿಂದಲೇ ಶುರುವಾಯಿತು.

“ಇದಕ್ಕೂ ಗುರುತು ಹಾಕಿದೀಯಾ ಚಿಕ್ಕಪ್ಪ? ಅದಕ್ಕಿಂತ ಮುಂಚೆ ಏನಿದೆ?” ಎಂದಳು ಮೊಮ್ಮಗಳು.

ಅವನು ನಗುತ್ತ ಹಿಂದಕ್ಕೆ ಎಳೆದು ಸೊನ್ನೆಯಿಂದ ಹಾಕಿದ. ಕುಕ್ಕರಿನ ಒಂದು ಕೂಗು. ಸೊಪ್ಪಿನವನ ದನಿ. ಆಮೇಲೆ ಅಮ್ಮ: “ಏನೋ ಅದು, ಫೋನಿಗೂ ಹಾಡು ಕೇಳೋ ಚಟ ಬಂತಾ? ಮೊದ್ಲು ಆ ಸಿಪ್ಪೆ ಬಾಚಿ ಆಚೆ ಹಾಕು, ಆಮೇಲೆ ಹೇಳ್ತೀನಿ.” ಆಮೇಲೆ ಒಂದು ಕೆಮ್ಮು. ಆಮೇಲೆ ಹಾಡು. ಬರೀ ಫೈಲು ಬಂದು ಗುರುತು ಬಾರದೇ ಇದ್ದಿದ್ದರೆ, ಕಲ್ಯಾಣ ಮಂಟಪದಲ್ಲಿ ಆರುನೂರು ಜನರ ಎದುರಿಗೆ ಮದುಮಗಳನ್ನು ಸಿಪ್ಪೆ ಬಾಚಲು ಕರೆದಂತಾಗುತ್ತಿತ್ತು. ಮೊಮ್ಮಗಳು ಆ ತುಣುಕನ್ನು ನಾಲ್ಕು ಸಲ ಹಾಕಿಸಿಕೊಂಡಳು. ಅವಳು ಮುತ್ತಜ್ಜಿಯನ್ನು ಕಂಡಿದ್ದಳು, ಆದರೆ ದನಿ ನೆನಪಿರಲಿಲ್ಲ.

ಉಳಿದ 142ರಲ್ಲಿ ಹೆಚ್ಚಿನವು ಸಿಕ್ಕವು, ಕೆಲವು ಬೇಡದವೆಂದು ಬಿಟ್ಟ. ಗುರುವಾರ, ಶುಕ್ರವಾರ ಇನ್ನೊಂದು ಕೆಲಸಕ್ಕೆ ನಾನೂ ಮೊಮ್ಮಗಳೂ ಕೂತೆವು: ಹೆಸರು ಸರಿಮಾಡುವುದು. ಒಬ್ಬರೇ ಗಾಯಕರು ಅವನ ಲೈಬ್ರರಿಯಲ್ಲಿ ‘ಎಸ್.ಪಿ.ಬಿ.’, ‘ಬಾಲು’, ‘ಎಸ್.ಪಿ. ಬಾಲಸುಬ್ರಹ್ಮಣ್ಯಂ’ ಎಂದು ಮೂರು ಜನರಾಗಿದ್ದರು. ರಾಜ್‌ಕುಮಾರ್ ಅವರು ಐವರಾಗಿದ್ದರು. ಗ್ರಂಥಪಾಲಕರು ಇದಕ್ಕೆ ಒಂದೇ ಅಧಿಕೃತ ರೂಪ ಗೊತ್ತುಮಾಡಿಕೊಂಡು ಉಳಿದವನ್ನೆಲ್ಲ ಅದರಡಿಗೆ ತರುತ್ತಾರೆ. ನಾವೂ ಹಾಗೇ ಮಾಡಿದೆವು.

ಹಾಡಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದೇಕೆ ಎಂದು ಅವನನ್ನು ಗದರಿದೆ. ಅದಕ್ಕೂ ಒಂದು ಹಳೆಯ ಕಾರಣವಿದೆ. ಎಂಪಿ3 ಫೈಲಿನ ಒಳಗೇ ಹಾಡಿನ ವಿವರದ ಒಂದು ಚೀಟಿ ಇರುತ್ತದೆ. 1996ರಲ್ಲಿ ಬಂದ ಮೊದಲ ಬಗೆಯ ಚೀಟಿ ಬರೀ 128 ಬೈಟಿನದು: ಗುರುತಿಗೆ 3, ಹಾಡಿನ ಹೆಸರಿಗೆ 30, ಗಾಯಕರಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ 1. ಕೂಡಿ ನೋಡಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡಿನ ಹೆಚ್ಚು ಬಳಕೆಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಅದರಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಚಿಹ್ನೆ, 18 ಬೈಟ್! ‘ಹಸೆಗೆ ಕರೆಯುವ ಹಾಡು’ ಎಂದು ಬರೆದರೆ 47 ಬೈಟ್. ಆ ಹಳೆಯ ಚೀಟಿಯ 30ರಲ್ಲಿ ಹಿಡಿಸುವುದೇ ಇಲ್ಲ. 1998ರಲ್ಲಿ ಬಂದ ಎರಡನೇ ಬಗೆಯ ಚೀಟಿ ದೊಡ್ಡದು, ಯೂನಿಕೋಡಿಗೂ ಜಾಗವಿದೆ. ಈಗ ಕನ್ನಡದಲ್ಲಿ ಬರೆಯದಿರಲು ನೆಪವಿಲ್ಲ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಹಾಡಿಗೆ ಆದದ್ದು ಫೋಟೋಗೂ ಆಗುತ್ತದೆ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ದಿನ, ಗಂಟೆ, ಎಷ್ಟೋ ಸಲ ಜಾಗ ಕೂಡ ಬರೆದಿರುತ್ತದೆ. ಅದನ್ನು ವಾಟ್ಸಾಪಿನಲ್ಲಿ ಫೋಟೋ ಎಂದೇ ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಆ ವಿವರವೂ ಉದುರಿಹೋಗುತ್ತದೆ. ಮೊಮ್ಮಗುವಿನ ನಾಮಕರಣದ ಚಿತ್ರಗಳನ್ನು ಕಾಪಾಡಿಕೊಳ್ಳಬೇಕೆಂದರೆ ‘ಡಾಕ್ಯುಮೆಂಟ್’ ಎಂದು ಕಳುಹಿಸಿ, ಇಲ್ಲವೇ ತಂತಿ ಹಾಕಿ ನೇರ ಇಳಿಸಿಕೊಳ್ಳಿ. ಫೋನೋ ಲ್ಯಾಪ್‌ಟಾಪೋ ಬದಲಿಸಿದಾಗ ಹಳೆಯದನ್ನು ಕೂಡಲೇ ಕೊಡಬೇಡಿ. ಒಂದು ತಿಂಗಳು ಬೀರುವಿನಲ್ಲಿ ಇಟ್ಟುಕೊಳ್ಳಿ. ಏನು ಬಂದಿಲ್ಲ ಎಂಬುದು ಅದು ಬೇಕಾದ ದಿನವೇ ಗೊತ್ತಾಗುವುದು. ಕೊಡುವಾಗ ಮಾತ್ರ ನಿಮ್ಮ ಎದುರಿಗೇ ಅಳಿಸಿಸಿ, ನಿಮ್ಮ ಬ್ಯಾಂಕಿನ ಕಾಗದವೂ ಅದರಲ್ಲಿರಬಹುದು.

ಭಾನುವಾರ ಅರಸೀಕೆರೆಯಲ್ಲಿ ಹಸೆಗೆ ಕರೆಯುವ ಹೊತ್ತಿಗೆ ಹುಡುಗ ಮೊದಲ ಗುಂಡಿ ಒತ್ತಿದ. ಎರಡನೇ ಸಾಲಿಗೆ ಹಿಂದಿನ ಕುರ್ಚಿಯಲ್ಲಿದ್ದ ಇಬ್ಬರು ಮುದುಕಿಯರು ದನಿಗೂಡಿಸಿದರು. ಯಾರೆಂದು ಆಮೇಲೆ ವಿಚಾರಿಸಿದರೆ ಗಂಡಿನ ಕಡೆಯವರು, ಬಾಣಾವರದವರು. ಅವರಿಗೆ ಇನ್ನೂ ಮೂರು ನುಡಿ ಹೆಚ್ಚಿಗೆ ಬರುತ್ತಿತ್ತು, ನಮ್ಮಮ್ಮ ಬಿಟ್ಟಿದ್ದವು. ಊಟವಾದ ಮೇಲೆ ಮೊಮ್ಮಗಳು ಅವರನ್ನು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿ ಅದನ್ನೂ ಹಿಡಿದುಕೊಂಡಳು. ಫೈಲಿಗೆ ‘ವಾಯ್ಸ್ 008’ ಎಂದು ಬಿಡದೆ ಅಲ್ಲೇ ಕನ್ನಡದಲ್ಲಿ ಹೆಸರು, ಹೇಳಿದವರು, ಊರು, ತಾರೀಖು ಬರೆದಳು. ಪ್ರಕಾರ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ನನ್ನನ್ನು ಕೇಳಿದಳು. ತಂತ್ರಾಂಶ ತೋರಿಸಿದ ಪಟ್ಟಿಯಲ್ಲಿ ಪಾಪ್, ರಾಕ್, ಜಾಝ್ ಎಲ್ಲ ಇತ್ತು. ನಾವಿಬ್ಬರೂ ಸ್ವಲ್ಪ ಯೋಚಿಸಿ ‘ಹಸೆ’ ಎಂದು ಹೊಸದೊಂದು ಸೇರಿಸಿದೆವು.

ಈಗ ಎರಡು ಹಾಡೂ ಮೂರು ಕಡೆ ಇವೆ. ಹುಡುಗನ ಹೊಸ ಲ್ಯಾಪ್‌ಟಾಪಿನಲ್ಲಿ ಒಂದು, ನನ್ನ ಬೀರುವಿನ ಒಳಗಿನ ಡಿಸ್ಕಿನಲ್ಲಿ ಒಂದು, ಶಿವಮೊಗ್ಗದಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಒಂದು. ದಾಖಲೆ ಪುಸ್ತಕದ ಪ್ರತಿಯೂ ಜೊತೆಗಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಹೊಸ ಪ್ರತಿ ತೆಗೆಯುವುದೆಂದು ಮೊಮ್ಮಗಳು ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದ್ದಾಳೆ. ಕೀಲು ಮುರಿದ ಹಳೆಯ ಲ್ಯಾಪ್‌ಟಾಪು ಸದ್ಯಕ್ಕೆ ನಮ್ಮ ಅಟ್ಟದ ಮೇಲೆ, ಅವರೆಕಾಳಿನ ಡಬ್ಬಿಯ ಪಕ್ಕದಲ್ಲಿದೆ.